ಸ್ಕ್ವಾಶ್, ಉಪ್ಪಿನಕಾಯಿ, ಶ್ಯಾಂಪೂ ನೀರಿನಲ್ಲಿರುವ ಪ್ರಿಸರ್ವೇಟಿವ್ ತೆಗೆಯಲು ಎಂಬಿಆರ್: ಕೊಡಗಿನ ಹೋಂಸ್ಟೇ ಮತ್ತು ಸಣ್ಣ ಘಟಕಗಳಿಗೆ ಸಮಗ್ರ ಮಾರ್ಗದರ್ಶಿ

"ಎಂಬಿಆರ್ ಹಾಕಿಸಿದ್ದೇವೆ. ಹೊರಗೆ ಬರುವ ನೀರು ತಿಳಿಯಾಗಿದೆ. ಆದರೂ ಲ್ಯಾಬ್ ರಿಪೋರ್ಟಿನಲ್ಲಿ ಸಿಒಡಿ ಜಾಸ್ತಿ, ಬೆಂಜೊಯೇಟ್ ಹಾಗೇ ಇದೆ. ಮೆಂಬ್ರೇನ್ ಬದಲಾಯಿಸಬೇಕಾ?" ಮಡಿಕೇರಿ, ವಿರಾಜಪೇಟೆ, ಕುಶಾಲನಗರ ಕಡೆಯ ಹೋಂಸ್ಟೇ, ರೆಸಾರ್ಟ್, ಸ್ಕ್ವಾಶ್ ಘಟಕದವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಎಂಬಿಆರ್ ಎಂದರೆ ಮೆಂಬ್ರೇನ್ ಬಯೋರಿಯಾಕ್ಟರ್: ಗಾಳಿ ಬಿಡುವ ಟ್ಯಾಂಕಿನಲ್ಲಿ ಬ್ಯಾಕ್ಟೀರಿಯಾ ಕೊಳೆ ತಿನ್ನುತ್ತವೆ, ಸಣ್ಣ ರಂಧ್ರದ ಮೆಂಬ್ರೇನ್ ನೀರನ್ನು ಸೋಸುತ್ತದೆ. ಸಿಒಡಿ ಎಂದರೆ ನೀರಿನಲ್ಲಿರುವ ಕೊಳೆಯನ್ನು ರಾಸಾಯನಿಕವಾಗಿ ಸುಡಲು ಬೇಕಾಗುವ ಆಮ್ಲಜನಕದ ಅಳತೆ. ಬಹುತೇಕ ಸಲ ಉತ್ತರ ಒಂದೇ: ಬೇಡ, ಮೆಂಬ್ರೇನಿನಲ್ಲಿ ತಪ್ಪಿಲ್ಲ.

ಎಂಬಿಆರ್ ಮೆಂಬ್ರೇನಿನ ರಂಧ್ರ ಸುಮಾರು 0.04ರಿಂದ 0.4 ಮೈಕ್ರಾನ್ ಇರುತ್ತದೆ. ಬ್ಯಾಕ್ಟೀರಿಯಾ ಅದರೊಳಗೆ ನುಗ್ಗಲಾರವು. ಆದರೆ ಆಹಾರ, ಶ್ಯಾಂಪೂ ಕೆಡದಂತೆ ಹಾಕುವ ಪ್ರಿಸರ್ವೇಟಿವ್‌ಗಳಾದ ಬೆಂಜೊಯೇಟ್, ಸಾರ್ಬೇಟ್, ಪ್ಯಾರಾಬೆನ್‌ಗಳ ಅಣು ಒಂದು ನ್ಯಾನೊಮೀಟರಿನ ಆಸುಪಾಸು. ಅಂದರೆ ಆ ರಂಧ್ರಕ್ಕಿಂತ ಹತ್ತಾರು ಪಟ್ಟು ಚಿಕ್ಕದು. ನೀರಿನ ಜೊತೆ ಸಲೀಸಾಗಿ ಆಚೆ ಹೋಗುತ್ತವೆ. ಅವನ್ನು ತಿಂದು ಮುಗಿಸುವುದು ಟ್ಯಾಂಕಿನ ಸ್ಲಡ್ಜಿನಲ್ಲಿ, ಅಂದರೆ ಕೆಸರಿನಲ್ಲಿ, ಇರುವ ಬ್ಯಾಕ್ಟೀರಿಯಾ. ಆ ಬ್ಯಾಕ್ಟೀರಿಯಾ ಹೊರಗೆ ಹೋಗದಂತೆ ತಡೆಯುವುದಷ್ಟೇ ಮೆಂಬ್ರೇನಿನ ಕೆಲಸ.

ಇದು ಮನಸ್ಸಿಗೆ ಹತ್ತಿದರೆ ಕೆಲಸದ ಕ್ರಮ ತಾನಾಗಿ ಬದಲಾಗುತ್ತದೆ. ಮೊದಲು ಬ್ಯಾಕ್ಟೀರಿಯಾಗೆ ಒಗ್ಗುವ ನೀರು, ಆಮೇಲೆ ಗಾಳಿ, ಆಮೇಲೆ ಸ್ಲಡ್ಜಿನ ವಯಸ್ಸು, ಕೊನೆಗೆ ಮೆಂಬ್ರೇನ್. ಹೆಚ್ಚಿನವರು ಈ ಸಾಲನ್ನು ಹಿಂದಿನಿಂದ ಶುರು ಮಾಡುತ್ತಾರೆ.

## ಮೊದಲು ಜೋಡಿಸಿಕೊಳ್ಳಬೇಕಾದ ಸಾಮಾನು

ಪಿಎಚ್ ಮೀಟರ್ ಮತ್ತು ನೀರಿನಲ್ಲಿ ಕರಗಿದ ಆಮ್ಲಜನಕ ಅಳೆಯುವ ಡಿಒ ಮೀಟರ್ ಬೇಕೇ ಬೇಕು. ಡಿಒ ಮೀಟರಿಗೆ ಸ್ವಲ್ಪ ದುಡ್ಡು ಬೀಳುತ್ತದೆ. ಆದರೆ ಅದಿಲ್ಲದೆ ಪ್ರಿಸರ್ವೇಟಿವ್ ನೀರಿಗೆ ಎಂಬಿಆರ್ ನಡೆಸಲು ಹೊರಡುವುದೇ ಬೇಡ ಎನ್ನುವುದು ನನ್ನ ಅಭಿಪ್ರಾಯ. ಜೊತೆಗೆ ಸಲ್ಫೈಟ್ ಪತ್ತೆ ಹಚ್ಚುವ ಪಟ್ಟಿ, ಲ್ಯಾಬ್ ಫಿಲ್ಟರ್ ಪೇಪರ್, ಒಂದು ಆಲಿಕೆ, ಅಳತೆ ಗೆರೆ ಇರುವ ಗಾಜಿನ ಜಾಡಿ, ಒಂದೇ ಥರದ, ಒಂದೊಂದು ಲೀಟರ್ ಹಿಡಿಯುವ ಮೂರು ಬಾಟಲಿ. ಮೆಂಬ್ರೇನಿನ ಹೀರು ಪೈಪಿಗೆ ಒಂದು ವ್ಯಾಕ್ಯೂಮ್ ಗೇಜ್ ಇರಬೇಕು. ಎಷ್ಟೋ ಕಡೆ ಗೇಜ್ ಇರುತ್ತದೆ, ಮುಳ್ಳು ಕೆಟ್ಟು ನಿಂತಿರುತ್ತದೆ. ಅದನ್ನು ಮೊದಲು ನೋಡಿ.

200 ಲೀಟರಿನ ಎರಡು ಪ್ಲಾಸ್ಟಿಕ್ ಡ್ರಮ್, ಒಂದು ಸಣ್ಣ ಏರ್ ಪಂಪ್ ಬೇಕು. ಒಂದು ನೋಟ್‌ಬುಕ್ಕೂ ಇರಲಿ.

## ಹಂತ 1: ಯಾವ ನೀರು ಎಲ್ಲಿಂದ ಬರುತ್ತಿದೆ ಎಂದು ಪತ್ತೆ ಮಾಡಿ, ಬೇರ್ಪಡಿಸಿ

ಮನೆಯ ಪ್ರತಿ ಪೈಪನ್ನೂ ಹಿಡಿದು ನಡೆದು ನೋಡಿ. ಸ್ನಾನದ ಮನೆಯಿಂದ ಶ್ಯಾಂಪೂ, ಲೋಷನ್‌ಗಳ ಪ್ಯಾರಾಬೆನ್ ಬರುತ್ತದೆ. ಸ್ಕ್ವಾಶ್ ಅಡುಗೆಮನೆಯಿಂದ ಸೋಡಿಯಂ ಬೆಂಜೊಯೇಟ್ ಮತ್ತು ಕೆಎಂಎಸ್, ಅಂದರೆ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್. ಉಪ್ಪಿನಕಾಯಿ ಕೋಣೆಯಿಂದ ಬೆಂಜೊಯೇಟಿನ ಜೊತೆಗೆ ಉಪ್ಪು, ಎಣ್ಣೆ, ವಿನೆಗರ್.

ಕೆಲವು ನೀರು ಎಂಬಿಆರ್ ಹತ್ತಿರಕ್ಕೂ ಬರಬಾರದು. ಕಣಿಲೆ, ಮಾವಿನಕಾಯಿ ನೆನೆಸಿದ ಗಟ್ಟಿ ಉಪ್ಪುನೀರು ಅದರಲ್ಲಿ ಮೊದಲನೆಯದು. ಉಪ್ಪು ಒಮ್ಮೆಲೇ ಏರಿದರೆ ಬ್ಯಾಕ್ಟೀರಿಯಾದ ಕೋಶದಿಂದ ನೀರು ಹೊರಬಂದು ಅದು ಮುದುಡುತ್ತದೆ. ಬದುಕಿದರೂ ಉಪ್ಪನ್ನು ಅವು ತಿನ್ನುವುದಿಲ್ಲ, ಮೆಂಬ್ರೇನ್ ತಡೆಯುವುದೂ ಇಲ್ಲ. ಎಲ್ಲ ತೋಟಕ್ಕೇ ಹೋಗುತ್ತದೆ. ಉಪ್ಪುನೀರನ್ನು ಮತ್ತೆ ಬಳಸಿ, ಇಲ್ಲವೇ ಬಿಸಿಲಿನ ಕಾಲದಲ್ಲಿ ಪ್ಲಾಸ್ಟಿಕ್ ಹಾಸಿದ ತೊಟ್ಟಿಯಲ್ಲಿ ಒಣಗಿಸಿ.

ಕಾಫಿ ಪಲ್ಪರ್ ನೀರು, ಅಂದರೆ ಕಾಫಿ ಹಣ್ಣಿನ ಸಿಪ್ಪೆ ತೆಗೆಯುವಾಗ ಬರುವ ನೀರು, ಎರಡನೆಯದು. ನವೆಂಬರಿನಿಂದ ಅರೇಬಿಕಾ ಹಣ್ಣು ಶುರುವಾದಾಗ "ಹೇಗೂ ಎಸ್‌ಟಿಪಿ (ಕೊಳಚೆ ನೀರು ಶುದ್ಧಗೊಳಿಸುವ ಘಟಕ) ಇದೆಯಲ್ಲ" ಎಂದು ಆ ನೀರನ್ನೂ ತಿರುಗಿಸುವವರಿದ್ದಾರೆ. ಹುಳಿ, ಸಕ್ಕರೆ, ಅಂಟು ಪೆಕ್ಟಿನ್ ಎಲ್ಲ ಸೇರಿ ಮೆಂಬ್ರೇನಿಗೆ ಲೋಳೆ ಕಟ್ಟುತ್ತದೆ. ಅದಕ್ಕೆ ಬೇರೆಯೇ ವ್ಯವಸ್ಥೆ ಬೇಕು. ಮೂರನೆಯದು ಮರಕ್ಕೆ ಹಚ್ಚುವ ಪ್ರಿಸರ್ವೇಟಿವ್ ತೊಳೆದ ನೀರು. ಅದರಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಇರಬಹುದು. ಹೆಸರು ಒಂದೇ ಆದರೂ ಇದು ಬ್ಯಾಕ್ಟೀರಿಯಾ ತಿನ್ನುವ ವಸ್ತುವೇ ಅಲ್ಲ. ಇದರಿಂದ ಸ್ಲಡ್ಜೇ ವಿಷವಾಗುತ್ತದೆ.

ಕೆಟ್ಟುಹೋದ ಸ್ಕ್ವಾಶನ್ನು ಚರಂಡಿಗೆ ಸುರಿಯುವುದು ಎಲ್ಲರೂ ಮಾಡುವ ತಪ್ಪು. ಲೆಕ್ಕ ನೋಡಿ. 10 ಲೀಟರ್ ಸ್ಕ್ವಾಶಿನಲ್ಲಿ ಸಕ್ಕರೆ 40 ಶೇಕಡಾ ಎಂದಿಟ್ಟುಕೊಂಡರೂ ನಾಲ್ಕೂವರೆ ಕಿಲೋ ದಾಟುತ್ತದೆ. ಅದರ ಬಿಒಡಿ, ಅಂದರೆ ಅದನ್ನು ತಿನ್ನಲು ಬ್ಯಾಕ್ಟೀರಿಯಾಗೆ ಬೇಕಾಗುವ ಆಮ್ಲಜನಕ, ಸುಮಾರು ಮೂರೂವರೆ ಕಿಲೋ. ಒಬ್ಬ ಮನುಷ್ಯನ ದಿನದ ಬಿಒಡಿ 50 ಗ್ರಾಂ ಎಂದು ಹಿಡಿದರೆ, ಆ ಒಂದು ಕ್ಯಾನ್ ನಿಮ್ಮ ಹೋಂಸ್ಟೇಗೆ ಏಕಾಏಕಿ 70 ಅತಿಥಿಗಳನ್ನು ತಂದು ನಿಲ್ಲಿಸುತ್ತದೆ. ಬ್ಯಾಕ್ಟೀರಿಯಾ ಸಕ್ಕರೆಗೆ ಮುಗಿಬೀಳುತ್ತವೆ, ಆಮ್ಲಜನಕ ಖಾಲಿ, ಬೆಂಜೊಯೇಟ್ ಹಾಗೇ ಉಳಿಯುತ್ತದೆ. ಕೆಟ್ಟ ಸರಕನ್ನು ಡ್ರಮ್ಮಿನಲ್ಲಿಟ್ಟು ದಿನಕ್ಕೆ ಒಂದೊಂದು ಲೀಟರ್ ಬಿಡಿ. ತೊಳೆಯುವ ಮೊದಲು ಪಾತ್ರೆಯನ್ನು ಸೌಟಿನಿಂದ, ರಬ್ಬರ್ ಪಟ್ಟಿಯಿಂದ ಚೆನ್ನಾಗಿ ಬಳಿದು ತೆಗೆಯಿರಿ. ಖರ್ಚಿಲ್ಲದ ಕೆಲಸ, ಇಷ್ಟು ಫಲ ಬೇರೆ ಯಾವ ಯಂತ್ರದಿಂದಲೂ ಸಿಗುವುದಿಲ್ಲ.

## ಹಂತ 2: ಕೆಎಂಎಸ್ ನೀರಿಗೆ ಬೇರೆ ಡ್ರಮ್

ಕೆಎಂಎಸ್ ಬ್ಯಾಕ್ಟೀರಿಯಾಗೆ ಆಹಾರವಲ್ಲ. ಅದು ನೀರಿನಲ್ಲಿ ಸಲ್ಫೈಟ್ ಆಗಿ, ಅಲ್ಲಿನ ಆಮ್ಲಜನಕವನ್ನು ಸೀದಾ ಕಸಿದುಕೊಂಡು ಸಲ್ಫೇಟ್ ಆಗುತ್ತದೆ. ಒಂದು ಕಿಲೋ ಕೆಎಂಎಸ್‌ಗೆ ಸುಮಾರು 144 ಗ್ರಾಂ ಆಮ್ಲಜನಕ ಬೇಕು. ಹಾಗೆ ಬದಲಾಗುವಾಗ ಹುಳಿಯೂ ಹುಟ್ಟುತ್ತದೆ, ಪಿಎಚ್ ಇಳಿಯುತ್ತದೆ.

ಅದಕ್ಕೇ ಕೆಎಂಎಸ್ ಬಳಸಿದ ಪಾತ್ರೆ ತೊಳೆದ ಮೊದಲ ನೀರನ್ನು ಡ್ರಮ್ಮಿಗೆ ಹಿಡಿಯಿರಿ. ಏರ್ ಪಂಪಿನಿಂದ ಒಂದು ರಾತ್ರಿ ಗಾಳಿ ಬಿಡಿ. ಬೆಳಿಗ್ಗೆ ಸಲ್ಫೈಟ್ ಪಟ್ಟಿ ಅದ್ದಿ ನೋಡಿ. ಬಣ್ಣ ಬರದಿದ್ದರೆ ಮುಂದಕ್ಕೆ ಬಿಡಬಹುದು. ಕೆಲವರು ಪಟ್ಟಿಯ ಬದಲು ಅಯೋಡಿನ್ ಹನಿ ಹಾಕಿ, ಬಣ್ಣ ಹೋದರೆ ಸಲ್ಫೈಟ್ ಇದೆ ಎನ್ನುತ್ತಾರೆ. ಕಿತ್ತಳೆ, ಪ್ಯಾಶನ್ ಫ್ರೂಟ್ ನೀರಿಗೆ ಅದು ನಡೆಯುವುದಿಲ್ಲ. ಹಣ್ಣಿನಲ್ಲಿರುವ ವಿಟಮಿನ್ ಸಿ ಕೂಡ ಅಯೋಡಿನ್ ಬಣ್ಣವನ್ನು ಅಳಿಸುತ್ತದೆ.

ಎಚ್ಚರಿಕೆ: ಕೆಎಂಎಸ್ ನೀರಿಗೆ ವಿನೆಗರ್, ನಿಂಬೆರಸ, ಆಸಿಡ್ ಏನೂ ಬೆರೆಸಬೇಡಿ. ಸಲ್ಫರ್ ಡೈಆಕ್ಸೈಡ್ ಅನಿಲ ಏಳುತ್ತದೆ. ಉಬ್ಬಸ ಇರುವವರಿಗೆ ಅದು ಅಪಾಯ. ಡ್ರಮ್ ಕೋಣೆಯೊಳಗೆ ಬೇಡ, ಗಾಳಿಯಾಡುವ ಬಯಲಲ್ಲೇ ಇರಲಿ; ಮಳೆ ಬೀಳದ ಹಾಗೆ ಮೇಲೊಂದು ಮಾಡು ಸಾಕು.

## ಹಂತ 3: ಪಿಎಚ್ ಮೊದಲು ಸರಿಪಡಿಸಿ

ಬೆಂಜೊಯೇಟ್ ಸೂಕ್ಷ್ಮಜೀವಿಗಳನ್ನು ಕಟ್ಟಿಹಾಕುವುದು ಹುಳಿ ನೀರಿನಲ್ಲಿ ಮಾತ್ರ. ಪಿಎಚ್ 4.2ರಲ್ಲಿ ಅದರ ಅರ್ಧ ಭಾಗ ಬೆಂಜೊಯಿಕ್ ಆಮ್ಲದ ರೂಪದಲ್ಲಿರುತ್ತದೆ. ಆ ರೂಪವೇ ಕೋಶದೊಳಗೆ ನುಗ್ಗಿ ಕೆಲಸ ಕೆಡಿಸುವುದು. ಪಿಎಚ್ 3.5ಕ್ಕೆ ಇಳಿದರೆ ನೂರಕ್ಕೆ ಎಂಬತ್ತಕ್ಕೂ ಜಾಸ್ತಿ ಆ ರೂಪ. ಪಿಎಚ್ 7ಕ್ಕೆ ಏರಿಸಿ ನೋಡಿ, ಸಾವಿರಕ್ಕೆ ಎರಡಕ್ಕಿಂತಲೂ ಕಡಿಮೆ. ಉಳಿದದ್ದೆಲ್ಲ ಬ್ಯಾಕ್ಟೀರಿಯಾಗೆ ಒಳ್ಳೆಯ ಊಟ.

ಅಂದರೆ ಪಿಎಚ್ ಸರಿಪಡಿಸಿದರೆ ಅರ್ಧ ಕೆಲಸ ಮುಗಿದಂತೆ. ಗುರಿ 6.8ರಿಂದ 7.5. ಸಾರ್ಬೇಟಿಗೂ ಇದೇ ಮಾತು. ಪ್ಯಾರಾಬೆನ್ ಮಾತ್ರ ಇದಕ್ಕೆ ಬಗ್ಗುವುದಿಲ್ಲ. ಅದಕ್ಕೆ ಸಮಯ ಮತ್ತು ಹಳೆಯ ಸ್ಲಡ್ಜ್ ಬೇಕು. ಅದು ಹಂತ 7ರಲ್ಲಿದೆ.

ಯಾವುದರಿಂದ ಏರಿಸುವುದು? ಸುಣ್ಣ ಅಗ್ಗ, ಕೈಗೆ ಸಿಗುತ್ತದೆ. ಆದರೆ ಅದರ ಕ್ಯಾಲ್ಸಿಯಂ ಮೆಂಬ್ರೇನಿನ ಮೇಲೆ ಬಿಳಿ ಪದರ ಕಟ್ಟುತ್ತದೆ. ಕಾಸ್ಟಿಕ್ ಸೋಡಾ ಸುಲಭ, ಆದರೆ ಸೋಡಿಯಂ ತೋಟದ ಮಣ್ಣಿಗೆ ಹೋಗುತ್ತದೆ. ಫೆಬ್ರವರಿ, ಮಾರ್ಚಿನಲ್ಲಿ ರೋಬಸ್ಟಾಗೆ ಇದೇ ನೀರು ಹಾಯಿಸುವವರು ಇದನ್ನು ಯೋಚಿಸಬೇಕು. ತೋಟಕ್ಕೆ ಬಿಡುವವರಿಗೆ ಮೆಗ್ನೀಸಿಯಂ ಹೈಡ್ರಾಕ್ಸೈಡ್ ಒಳ್ಳೆಯದು ಎಂದು ನನಗನಿಸುತ್ತದೆ. ನಿಧಾನ ಕರಗುತ್ತದೆ, ಪಿಎಚ್ ಮಿತಿಮೀರಿ ಏರುವ ಭಯ ಕಡಿಮೆ, ಮಣ್ಣಿಗೂ ತೊಂದರೆಯಿಲ್ಲ. ಅದು ಸಿಗದಿದ್ದರೆ ಕಾಸ್ಟಿಕ್ಕನ್ನು ನೀರಿನಲ್ಲಿ ಕರಗಿಸಿ ಸ್ವಲ್ಪ ಸ್ವಲ್ಪವೇ ಹಾಕಿ. ಕೈಗವಸು, ಕನ್ನಡಕ ಹಾಕಿಕೊಳ್ಳಿ. ಕಾಸ್ಟಿಕ್ಕನ್ನು ನೀರಿಗೆ ಹಾಕಬೇಕು, ನೀರನ್ನು ಕಾಸ್ಟಿಕ್ಕಿಗೆ ಸುರಿಯಬಾರದು.

## ಹಂತ 4: ಜರಡಿ, ಎಣ್ಣೆ ತೊಟ್ಟಿ, ಸಮಗೊಳಿಸುವ ಟ್ಯಾಂಕ್

ದಾರದಂಥ ಟೊಳ್ಳು ನಾರಿನ ಮೆಂಬ್ರೇನ್ ಇದ್ದರೆ 1 ಮಿಲಿಮೀಟರ್ ಅಥವಾ ಅದಕ್ಕಿಂತ ಸಣ್ಣ ಜರಡಿ ಬೇಕು. ಹಾಳೆಯಂಥ ಮೆಂಬ್ರೇನಿಗೆ 2–3 ಮಿಲಿಮೀಟರ್ ಸಾಕು. ಕೂದಲು, ಕಿತ್ತಳೆ ನಾರು, ಕಣಿಲೆ ಚೂರು ಒಳಗೆ ಹೋದರೆ ಮೆಂಬ್ರೇನಿನ ಬುಡದಲ್ಲಿ ಹಗ್ಗದಂತೆ ಹೆಣೆದುಕೊಳ್ಳುತ್ತವೆ. ಹಂದಿ ಕೊಬ್ಬು, ಕೊಬ್ಬರಿ ಎಣ್ಣೆ ಅಡುಗೆಮನೆಯ ತೊಟ್ಟಿಯಲ್ಲೇ ನಿಲ್ಲಬೇಕು. ಡಿಸೆಂಬರ್ ಚಳಿಗೆ ಕೊಬ್ಬು ಪೈಪಿನಲ್ಲೇ ಗಟ್ಟಿಯಾಗುತ್ತದೆ ಎಂಬುದು ಅಡುಗೆಯವರಿಗೆ ಗೊತ್ತು, ಎಂಬಿಆರ್ ನೋಡಿಕೊಳ್ಳುವ ಹುಡುಗನಿಗೆ ಯಾರೂ ಹೇಳಿರುವುದಿಲ್ಲ.

ನೀರಿನ ಏರಿಳಿತ ತಡೆಯಲು ಎಂಬಿಆರ್‌ಗೆ ಮೊದಲು ಇಡುವ ಸಮಗೊಳಿಸುವ ಟ್ಯಾಂಕ್ ಕನಿಷ್ಠ ಒಂದು ಪೂರ್ತಿ ದಿನದ ನೀರು ಹಿಡಿಯುವಷ್ಟು ದೊಡ್ಡದಿರಲಿ. ದೊಡ್ಡ ನಗರದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಶನಿವಾರ, ಭಾನುವಾರ, ಮಡಿಕೇರಿ ದಸರಾ ಸಮಯದಲ್ಲಿ ಮನೆ ತುಂಬಿರುತ್ತದೆ, ಮಂಗಳವಾರ ಖಾಲಿ. ಈ ಟ್ಯಾಂಕಿಗೂ ಸ್ವಲ್ಪ ಗಾಳಿ ಬಿಡಿ. ಇಲ್ಲದಿದ್ದರೆ ಕೆಎಂಎಸ್‌ನಿಂದ ಆದ ಸಲ್ಫೇಟ್ ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಆಗುತ್ತದೆ. ಅದು ಕಾಂಕ್ರೀಟನ್ನೂ ತಿನ್ನುತ್ತದೆ, ಇಳಿದ ಮನುಷ್ಯನನ್ನೂ ಕೊಲ್ಲುತ್ತದೆ. ಟ್ಯಾಂಕಿಗೆ ಯಾರನ್ನೂ ಇಳಿಸಬೇಡಿ. ಸೆಪ್ಟಿಕ್ ಟ್ಯಾಂಕ್, ಚರಂಡಿಗಳಿಗೆ ರಕ್ಷಣೆಯಿಲ್ಲದೆ ಜನರನ್ನು ಇಳಿಸುವುದನ್ನು 2013ರ ಕಾನೂನು ನಿಷೇಧಿಸಿದೆ.

ಶೌಚಾಲಯದ ನೀರನ್ನು ಈ ಟ್ಯಾಂಕಿನಲ್ಲೇ ಸ್ಕ್ವಾಶ್ ನೀರಿನ ಜೊತೆ ಬೆರೆಸುವುದು ಬುದ್ಧಿವಂತಿಕೆ. ಸ್ಕ್ವಾಶ್ ನೀರಿನಲ್ಲಿ ಸಕ್ಕರೆ ಇದೆ, ಸಾರಜನಕ, ರಂಜಕ ಇಲ್ಲವೆನ್ನುವಷ್ಟು ಕಡಿಮೆ. ಶೌಚದ ನೀರಿನಲ್ಲಿ ಅವೆರಡೂ ಧಾರಾಳ. ಬರೀ ಹಣ್ಣಿನ ಘಟಕವಾಗಿದ್ದು ಶೌಚದ ನೀರು ಬಾರದಿದ್ದರೆ ಗೊಬ್ಬರ ಹಾಕಬೇಕು. ಬಿಒಡಿ 100ಕ್ಕೆ ಸಾರಜನಕ 5, ರಂಜಕ 1 ಎಂಬುದು ಹಳೆಯ ಲೆಕ್ಕ. ದಿನಕ್ಕೆ 5 ಕಿಲೋ ಬಿಒಡಿ ಬಂದರೆ 250 ಗ್ರಾಂ ಡಿಎಪಿ, 445 ಗ್ರಾಂ ಯೂರಿಯಾ ಆಗುತ್ತದೆ. ಎಂಬಿಆರ್‌ನಲ್ಲಿ ಸ್ಲಡ್ಜ್ ತುಂಬಾ ದಿನ ಇರುವುದರಿಂದ ಇದರ ಅರ್ಧದಿಂದ ಶುರು ಮಾಡಿ. ಹೊರಬರುವ ನೀರಿನಲ್ಲಿ ಅಮೋನಿಯಾ ಕಂಡರೆ ಇಳಿಸಿ.

## ಹಂತ 5: ಮೆಂಬ್ರೇನ್ ತೊಳೆದು, ಸ್ಲಡ್ಜ್ ತನ್ನಿ

ಹೊಸ ಮೆಂಬ್ರೇನ್ ಒಣಗದಿರಲೆಂದು ಗ್ಲಿಸರಿನ್ ಅಥವಾ ಬೈಸಲ್ಫೈಟ್ ದ್ರಾವಣದಲ್ಲಿ ಬರುತ್ತದೆ. ಅದೂ ಒಂದು ಪ್ರಿಸರ್ವೇಟಿವ್ ಅಲ್ವಾ! ತಯಾರಕರು ಹೇಳಿದಷ್ಟು ಸಲ ಶುದ್ಧ ನೀರಿನಲ್ಲಿ ತೊಳೆದು, ಆ ನೀರನ್ನು ಹೊರಗೆ ತೆಗೆಯಿರಿ. ಆ ಮೇಲೆ ಬರೀ ನೀರಿನಲ್ಲಿ ಓಡಿಸಿ ಗೇಜಿನ ಒತ್ತಡ ಬರೆದಿಟ್ಟುಕೊಳ್ಳಿ. ಮುಂದೆ ಎಲ್ಲ ಹೋಲಿಕೆಗೂ ಇದೇ ಅಳತೆ. ಒಮ್ಮೆ ಒದ್ದೆಯಾದ ಮೆಂಬ್ರೇನ್ ಮತ್ತೆ ಒಣಗಬಾರದು. ಒಣಗಿದರೆ ರಂಧ್ರ ಮುಚ್ಚಿ ಹಾಳಾಗುತ್ತದೆ.

ಬ್ಯಾಕ್ಟೀರಿಯಾಗೆಂದು ಸಗಣಿ ಹಾಕುವ ರೂಢಿ ಬಿಡಿ. ಸಗಣಿಯಲ್ಲಿ ಹುಲ್ಲಿನ ನಾರು ಇದೆ. ಅದರಲ್ಲಿರುವ ಜೀವಿಗಳೂ ಹೆಚ್ಚಾಗಿ ಗಾಳಿಯಿಲ್ಲದ ಹೊಟ್ಟೆಯವು. ಚೆನ್ನಾಗಿ ನಡೆಯುತ್ತಿರುವ ಎಸ್‌ಟಿಪಿಯ ಗಾಳಿ ಟ್ಯಾಂಕಿನಿಂದ ಸ್ಲಡ್ಜ್ ತನ್ನಿ, 1 ಮಿಲಿಮೀಟರ್ ಜರಡಿಯಲ್ಲಿ ಸೋಸಿ ಹಾಕಿ. ಲೀಟರಿಗೆ 3,000 ಮಿಲಿಗ್ರಾಂ ಸ್ಲಡ್ಜ್ ಆದರೂ ಇದ್ದರೆ ಶುರು ಮಾಡಬಹುದು. ತರುವಾಗ ಎರಡು ಮೂರು ಗಂಟೆಗಿಂತ ಜಾಸ್ತಿ ಮುಚ್ಚಿದ ಡ್ರಮ್ಮಿನಲ್ಲಿಡಬೇಡಿ.

## ಹಂತ 6: ಪ್ರಿಸರ್ವೇಟಿವ್‌ಗೆ ನಿಧಾನವಾಗಿ ಒಗ್ಗಿಸಿ, ಬಾಟಲಿ ಪರೀಕ್ಷೆ ಮಾಡಿ

ಹೆಚ್ಚಿನ ಸೋಲು ಆಗುವುದು ಇಲ್ಲೇ. ಮೊದಲ ದಿನವೇ ಎಲ್ಲ ನೀರನ್ನೂ ಬಿಡುತ್ತಾರೆ, ನೊರೆ ಏಳುತ್ತದೆ, ಗಾಬರಿಯಾಗಿ ಟ್ಯಾಂಕಿಗೆ ಗಾಳಿ ಊದುವ ಬ್ಲೋವರಿನ ವೇಗ ಇಳಿಸುತ್ತಾರೆ, ಆಮ್ಲಜನಕ ಸೊನ್ನೆಯಾಗುತ್ತದೆ.

ಮೊದಲ ವಾರ ಬರೀ ಶೌಚ, ಸ್ನಾನದ ನೀರು. ಎರಡನೇ ವಾರದಿಂದ ಸ್ಕ್ವಾಶ್, ಉಪ್ಪಿನಕಾಯಿ ನೀರಿನ ಹತ್ತನೇ ಒಂದು ಭಾಗ. ಮೂರ್ನಾಲ್ಕು ದಿನಕ್ಕೊಮ್ಮೆ ಏರಿಸುತ್ತಾ ಮೂರು ನಾಲ್ಕು ವಾರದಲ್ಲಿ ಪೂರ್ತಿಗೆ ಬನ್ನಿ. ಬೆಂಜೊಯೇಟ್ ತಿನ್ನುವ ಬ್ಯಾಕ್ಟೀರಿಯಾ ಎಲ್ಲ ಸ್ಲಡ್ಜಿನಲ್ಲೂ ಸ್ವಲ್ಪ ಇರುತ್ತವೆ. ಅವು ಹೆಚ್ಚಲು ಸಮಯ ಬೇಕು, ಅಷ್ಟೇ.

ಪ್ರತಿ ಸಲ ಏರಿಸುವ ಮೊದಲು ಈ ಪರೀಕ್ಷೆ ಮಾಡಿ. ಮೂರು ಬಾಟಲಿಗೂ ತಲಾ 900 ಮಿಲಿಲೀಟರ್ ಸ್ಲಡ್ಜ್ ಹಾಕಿ. ಮೊದಲನೆಯದಕ್ಕೆ 100 ಮಿಲಿಲೀಟರ್ ಬರೀ ನೀರು. ಎರಡನೆಯದಕ್ಕೆ 0.1 ಗ್ರಾಂ ಸೋಡಿಯಂ ಬೆಂಜೊಯೇಟ್ ಕರಗಿಸಿದ 100 ಮಿಲಿಲೀಟರ್ ನೀರು. ಮೂರನೆಯದಕ್ಕೆ ನಿಮ್ಮ ಘಟಕದ ನೀರು, ಪಿಎಚ್ ಸರಿಪಡಿಸಿದ್ದು. ಮೂರಕ್ಕೂ ಡಿಒ ಲೀಟರಿಗೆ 5 ಮಿಲಿಗ್ರಾಂ ದಾಟುವವರೆಗೆ ಗಾಳಿ ಬಿಡಿ. ಗಾಳಿ ನಿಲ್ಲಿಸಿ, ಡಿಒ ಮೀಟರಿನ ಕಡ್ಡಿ ಇಳಿಸಿ ಬಾಯಿ ಮುಚ್ಚಿ, ನಿಧಾನ ಅಲುಗಿಸುತ್ತಾ ನಿಮಿಷಕ್ಕೊಮ್ಮೆ ಅಂಕಿ ಬರೆಯಿರಿ. ಮೀಟರ್ ಒಂದೇ ಇದ್ದರೆ ಒಂದಾದ ಮೇಲೆ ಒಂದು ಮಾಡಿ.

ಬರೀ ನೀರಿನ ಬಾಟಲಿಗಿಂತ ಬೆಂಜೊಯೇಟ್ ಬಾಟಲಿಯಲ್ಲಿ ಡಿಒ ಬೇಗ ಇಳಿದರೆ ನಿಮ್ಮ ಸ್ಲಡ್ಜ್ ಅದನ್ನು ತಿನ್ನುತ್ತಿದೆ. ಒಂದೇ ವೇಗದಲ್ಲಿ ಇಳಿದರೆ ಇನ್ನೂ ಒಗ್ಗಿಲ್ಲ, ಕಾಯಿರಿ. ನಿಧಾನವಾದರೆ ಏಟು ಬಿದ್ದಿದೆ, ಪ್ರಮಾಣ ಇಳಿಸಿ. ಮೂರನೇ ಬಾಟಲಿ ನಿಧಾನವಾಗಿ, ಎರಡನೆಯದು ವೇಗವಾಗಿ ಇಳಿದರೆ ತಪ್ಪು ಬೆಂಜೊಯೇಟಿನದ್ದಲ್ಲ. ಉಪ್ಪು, ಫಿನಾಯಿಲ್ ಅಥವಾ ನೆಲ ಒರೆಸುವ ದ್ರಾವಣವನ್ನು ಹುಡುಕಿ. ಮೂರನೆಯದು ಗಾಳಿ ನಿಲ್ಲಿಸಿದ ಕೂಡಲೇ ಒಮ್ಮೆಲೇ ಕುಸಿದರೆ ಖುಷಿಪಡಬೇಡಿ. ಅದು ಬ್ಯಾಕ್ಟೀರಿಯಾ ಅಲ್ಲ, ಉಳಿದ ಸಲ್ಫೈಟ್. ಹಂತ 2ಕ್ಕೆ ವಾಪಸ್ ಹೋಗಿ.

## ಹಂತ 7: ಗಾಳಿ ಮತ್ತು ಸ್ಲಡ್ಜಿನ ವಯಸ್ಸು

ಒಂದು ಕಿಲೋ ಸೋಡಿಯಂ ಬೆಂಜೊಯೇಟನ್ನು ಬ್ಯಾಕ್ಟೀರಿಯಾ ಪೂರ್ತಿ ತಿಂದು ಮುಗಿಸಲು ಸುಮಾರು 1.67 ಕಿಲೋ ಆಮ್ಲಜನಕ ಬೇಕು. ಪೊಟ್ಯಾಸಿಯಂ ಸಾರ್ಬೇಟಿಗೆ ಒಂದೂವರೆ ಕಿಲೋ. ಟ್ಯಾಂಕಿನಲ್ಲಿ ಡಿಒ 1.5ರಿಂದ 2.5 ಇರಲಿ. ಮಡಿಕೇರಿ ಸಮುದ್ರಮಟ್ಟಕ್ಕಿಂತ 1,100 ಮೀಟರಿಗೂ ಮೇಲಿದೆ. ಗಾಳಿ ತೆಳು, ಒಂದೇ ಬ್ಲೋವರ್ ಕರಾವಳಿಯಲ್ಲಿ ಕೊಡುವುದಕ್ಕಿಂತ ಇಲ್ಲಿ ನೂರಕ್ಕೆ ಹತ್ತಕ್ಕೂ ಮೀರಿ ಕಡಿಮೆ ಆಮ್ಲಜನಕ ಕೊಡುತ್ತದೆ. ಬ್ಲೋವರ್ ಕೊಳ್ಳುವಾಗ ಈ ಊರಿನ ಎತ್ತರ ಹೇಳಿ ಲೆಕ್ಕ ಹಾಕಿಸಿ. ಯಾರೂ ತಾವಾಗಿ ಕೇಳುವುದಿಲ್ಲ.

ಸ್ಲಡ್ಜಿನ ವಯಸ್ಸು ಎಂದರೆ ಅದು ಸರಾಸರಿ ಎಷ್ಟು ದಿನ ಟ್ಯಾಂಕಿನಲ್ಲಿರುತ್ತದೆ ಎಂಬುದು. ಪ್ಯಾರಾಬೆನ್‌ನಂಥವನ್ನು ತಿನ್ನುವ ಬ್ಯಾಕ್ಟೀರಿಯಾಗಳಲ್ಲಿ ಕೆಲವು ನಿಧಾನ ಬೆಳೆಯುತ್ತವೆ. ಬೇಗ ಬೇಗ ಸ್ಲಡ್ಜ್ ತೆಗೆದರೆ ಅವೇ ಮೊದಲು ಖಾಲಿ. 25ರಿಂದ 35 ದಿನ ಇಟ್ಟುಕೊಳ್ಳಿ. ಲೆಕ್ಕ ಸುಲಭ: ಗಾಳಿ ಟ್ಯಾಂಕಿನ ಗಾತ್ರವನ್ನು ದಿನಗಳಿಂದ ಭಾಗಿಸಿ. ಟ್ಯಾಂಕ್ 20,000 ಲೀಟರ್, ವಯಸ್ಸು 30 ದಿನ ಎಂದರೆ ದಿನಕ್ಕೆ ಸುಮಾರು 670 ಲೀಟರ್ ಸ್ಲಡ್ಜ್ ಹೊರಗೆ. ಮೆಂಬ್ರೇನಿನಿಂದ ಸ್ಲಡ್ಜ್ ಸೋರುವುದಿಲ್ಲವಾದ್ದರಿಂದ ಈ ಲೆಕ್ಕ ಸರಿಯಾಗಿ ಕೂರುತ್ತದೆ. ತಿಂಗಳಿಗೊಮ್ಮೆ ಟ್ಯಾಂಕರ್ ತರಿಸಿ ಅರ್ಧ ಟ್ಯಾಂಕ್ ಖಾಲಿ ಮಾಡುವುದು ಇದಕ್ಕೆ ಸಮವಲ್ಲ. ಆ ದಿನ ನಿಮ್ಮ ಕೆಲಸದವರಲ್ಲಿ ಅರ್ಧ ಜನರನ್ನು ಕಳಿಸಿದ ಹಾಗೆ.

ಸ್ಲಡ್ಜ್ ಲೀಟರಿಗೆ 8,000–12,000 ಮಿಲಿಗ್ರಾಂ ಇರಲಿ. 15,000 ದಾಟಿದರೆ ಗಂಜಿಯಂತಾಗಿ ಗಾಳಿ ಕರಗುವುದಿಲ್ಲ. "ಜಾಸ್ತಿ ಸ್ಲಡ್ಜ್, ಜಾಸ್ತಿ ಕೆಲಸ" ಎಂದು ತೆಗೆಯುವುದನ್ನೇ ನಿಲ್ಲಿಸುವವರು ಇಲ್ಲಿ ಸಿಕ್ಕಿಬೀಳುತ್ತಾರೆ. ಒಳ್ಳೆಯ ಹಳೆಯ ಸ್ಲಡ್ಜಿದ್ದು ಗಾಳಿ ಸರಿಯಿದ್ದರೆ ಬೆಂಜೊಯೇಟ್ ಹೆಚ್ಚುಕಡಿಮೆ ಪೂರ್ತಿ, ಪ್ಯಾರಾಬೆನ್ 90 ಶೇಕಡಕ್ಕೂ ಜಾಸ್ತಿ ಹೋಗುತ್ತದೆ. ಸೌಂದರ್ಯವರ್ಧಕಗಳಲ್ಲಿ ಇರುವ ಇಡಿಟಿಎ ಮಾತ್ರ ಸುಲಭವಾಗಿ ಹೋಗುವುದಿಲ್ಲ. ಅದಕ್ಕೆ ಮದ್ದು ಕೊಳ್ಳುವಾಗಲೇ ಅದಿಲ್ಲದ ಸಾಬೂನು, ಶ್ಯಾಂಪೂ ಆರಿಸುವುದು.

ತೆಗೆದ ಸ್ಲಡ್ಜನ್ನು ಹಸಿಯಾಗಿ ತೋಟಕ್ಕೆ ಹಾಕಬೇಡಿ. ಬ್ಯುಟೈಲ್, ಪ್ರೊಪೈಲ್ ಪ್ಯಾರಾಬೆನ್, ನೆಲ ಒರೆಸುವ ದ್ರಾವಣದ ಬೆಂಜಲ್ಕೋನಿಯಂ ಎಲ್ಲ ಸ್ಲಡ್ಜಿಗೆ ಅಂಟಿಕೊಳ್ಳುತ್ತವೆ. ಒಣಗಿಸುವ ತೊಟ್ಟಿಗೆ ಮಾಡು ಇರಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಯಲಲ್ಲಿ ಏನೂ ಒಣಗುವುದಿಲ್ಲ ಎಂದು ಕೊಡಗಿನವರಿಗೆ ಹೇಳಬೇಕಾಗಿಲ್ಲ.

## ಹಂತ 8: ಮೆಂಬ್ರೇನಿನಿಂದ ನೀರು ಎಳೆಯುವುದು, ತೊಳೆಯುವುದು

ಒಂದು ಚದರ ಮೀಟರ್ ಮೆಂಬ್ರೇನಿಗೆ ಗಂಟೆಗೆ 10–15 ಲೀಟರ್ ಮೀರಬೇಡಿ. 8 ನಿಮಿಷ ಎಳೆದು 2 ನಿಮಿಷ ಬಿಡುವು. 40 ಚದರ ಮೀಟರ್ ಇದ್ದರೆ, ಗಂಟೆಗೆ 12 ಲೀಟರಿನಂತೆ ದಿನಕ್ಕೆ ಸುಮಾರು 9,200 ಲೀಟರ್. ಮಾರಿದವರ ಕಾಗದದಲ್ಲಿ ಇದಕ್ಕಿಂತ ದೊಡ್ಡ ಅಂಕಿ ಇರುತ್ತದೆ. ಅದು ಹೊಸ ಮೆಂಬ್ರೇನಿಗೆ, ಬೆಚ್ಚಗಿನ ನೀರಿಗೆ.

ಬೆಚ್ಚಗಿನ ನೀರು ಎಂದೆ. ಇದನ್ನು ಗಮನಿಸಿ. ನೀರು 25 ಡಿಗ್ರಿಯಿಂದ 15ಕ್ಕೆ ಇಳಿದರೆ ಅದರ ಜಿಗುಟುತನ ಕಾಲು ಭಾಗಕ್ಕಿಂತ ಜಾಸ್ತಿ ಏರುತ್ತದೆ. ಹಾಗಾಗಿ ಜನವರಿ ಬೆಳಿಗ್ಗೆ ಗೇಜಿನ ಒತ್ತಡ ಏರಿದ್ದು ಕಂಡು ರಾಸಾಯನಿಕ ಹಾಕಿ ತೊಳೆಯಬೇಡಿ. ಮಧ್ಯಾಹ್ನ ಮತ್ತೆ ನೋಡಿ. ಇಳಿದಿದ್ದರೆ ಅದು ಚಳಿ, ಕೊಳೆಯಲ್ಲ. ದಿನವೂ ಒಂದೇ ಹೊತ್ತಿಗೆ, ನೀರಿನ ಉಷ್ಣತೆಯ ಜೊತೆಗೆ ಒತ್ತಡ ಬರೆಯುವ ಅಭ್ಯಾಸ ಇಟ್ಟುಕೊಳ್ಳಿ.

ವಾರಕ್ಕೊಮ್ಮೆ ಫಿಲ್ಟರ್ ಪೇಪರ್ ಪರೀಕ್ಷೆ. ಆಲಿಕೆಯಲ್ಲಿ ಪೇಪರ್ ಮಡಿಸಿಟ್ಟು 50 ಮಿಲಿಲೀಟರ್ ಸ್ಲಡ್ಜ್ ಸುರಿಯಿರಿ. 5 ನಿಮಿಷದಲ್ಲಿ 10 ಮಿಲಿಲೀಟರಿಗಿಂತ ಜಾಸ್ತಿ ಸೋಸಿದರೆ ಆರೋಗ್ಯ ಚೆನ್ನಾಗಿದೆ. 5ಕ್ಕಿಂತ ಕಡಿಮೆಯಾದರೆ ಸ್ಲಡ್ಜಿಗೆ ಏನೋ ಏಟು ಬಿದ್ದು ಲೋಳೆ ಬಿಡುತ್ತಿದೆ. ಆಗ ಮೆಂಬ್ರೇನ್ ತೊಳೆದರೂ ನಾಲ್ಕು ದಿನಕ್ಕೆ ಮತ್ತೆ ಕಟ್ಟುತ್ತದೆ. ಮೊದಲು ಸ್ಲಡ್ಜ್ ಸರಿಪಡಿಸಿ.

ನಿಜವಾಗಿ ಕಟ್ಟಿದಾಗ ಲೋಳೆಗೆ ಹೈಪೋ (ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ), ಬಿಳಿ ಪದರಕ್ಕೆ ಸಿಟ್ರಿಕ್ ಆಮ್ಲ. 10 ಶೇಕಡಾ ಹೈಪೋ ಒಂದು ಲೀಟರನ್ನು 200 ಲೀಟರ್ ನೀರಿಗೆ ಬೆರೆಸಿದರೆ ಲೀಟರಿಗೆ 500 ಮಿಲಿಗ್ರಾಂ ಆಗುತ್ತದೆ. ಸಿಟ್ರಿಕ್ 1–2 ಶೇಕಡಾ. ನಿಮ್ಮ ಮೆಂಬ್ರೇನ್ ಎಷ್ಟು ತಡೆಯುತ್ತದೆ ಎಂದು ತಯಾರಕರ ಪುಸ್ತಕ ನೋಡಿ. ಎರಡನ್ನೂ ಒಟ್ಟಿಗೆ ಎಂದೂ ಹಾಕಬೇಡಿ. ಕ್ಲೋರಿನ್ ಅನಿಲ ಬರುತ್ತದೆ. ನಡುವೆ ಶುದ್ಧ ನೀರಿನಲ್ಲಿ ಪೂರ್ತಿ ತೊಳೆಯಿರಿ. ತೊಳೆದ ಹೈಪೋ ನೀರು ಮತ್ತೆ ಗಾಳಿ ಟ್ಯಾಂಕಿಗೆ ಒಮ್ಮೆಲೇ ಬೀಳದಿರಲಿ.

ನೊರೆ ಇಳಿಸಲು ಸಿಲಿಕೋನ್ ಎಣ್ಣೆ ಹಾಕಬೇಡಿ, ಮೆಂಬ್ರೇನಿಗೆ ಅಂಟುತ್ತದೆ. ನೀರು ಚಿಮುಕಿಸಿದರೆ ಸಾಕು.

## ಹಂತ 9: ಕೊನೆಯ ಸೋಂಕು ನಿವಾರಣೆ, ಲ್ಯಾಬ್ ಪರೀಕ್ಷೆ

ಕೊನೆಯಲ್ಲಿ ಅಭ್ಯಾಸಬಲದಿಂದ ಹೈಪೋ ಡೋಸಿಂಗ್ ಇಟ್ಟಿರುತ್ತಾರೆ. ಉಳಿದ ಅಲ್ಪಸ್ವಲ್ಪ ಪ್ಯಾರಾಬೆನ್‌ಗೆ ಕ್ಲೋರಿನ್ ಸೇರಿದರೆ ಕ್ಲೋರಿನ್ ಹೊತ್ತ ಪ್ಯಾರಾಬೆನ್ ಆಗುತ್ತದೆ. ಅದು ಮೂಲಕ್ಕಿಂತ ಗಟ್ಟಿ ಜೀವ, ಬೇಗ ಒಡೆದು ಹೋಗುವುದಿಲ್ಲ. ಹಾಗಾಗಿ ಯುವಿ ದೀಪ ಮೇಲು. ಮೆಂಬ್ರೇನ್ ಆದ ಮೇಲೆ ನೀರು ತಿಳಿಯಾಗಿರುವುದರಿಂದ ಯುವಿ ಚೆನ್ನಾಗಿ ಕೆಲಸ ಮಾಡುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಪತ್ರದಲ್ಲಿ ಕ್ಲೋರಿನ್ ಕಡ್ಡಾಯವಾಗಿದ್ದರೆ ಅದಕ್ಕೆ ಮೊದಲು ಇದ್ದಿಲಿನ ಫಿಲ್ಟರ್ ಇಡಿ. ಇದ್ದಿಲು ತುಂಬಿದ ಮೇಲೆ ಹಿಡಿದದ್ದನ್ನೇ ಮತ್ತೆ ಬಿಡುತ್ತದೆ. ಬದಲಿಸಿದ ತಾರೀಕನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ.

ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಡುವ ಮಾಮೂಲಿ ರಿಪೋರ್ಟಿನಲ್ಲಿ ಪಿಎಚ್, ಬಿಒಡಿ, ಸಿಒಡಿಯಂಥವೇ ಇರುತ್ತವೆ. ಬೆಂಜೊಯೇಟ್, ಪ್ಯಾರಾಬೆನ್ ಬೇಕೆಂದು ಬೇರೆಯಾಗಿ ಕೇಳಬೇಕು. ಬೆಂಜೊಯೇಟಿಗೆ ಎಚ್‌ಪಿಎಲ್‌ಸಿ ಎಂಬ ಲ್ಯಾಬ್ ಪರೀಕ್ಷೆ ಸಾಕು. ಒಳಬರುವ ನೀರು, ಹೊರಹೋಗುವ ನೀರು ಎರಡನ್ನೂ ಕಳಿಸಿ. ಹೊರಗಿನದ್ದು ಮಾತ್ರ ಕಳಿಸಿದರೆ ಎಷ್ಟು ತೆಗೆದಿದೆ ಎಂದು ತಿಳಿಯುವುದೇ ಇಲ್ಲ. ಸ್ಯಾಂಪಲ್ ಮಂಜುಗಡ್ಡೆಯಲ್ಲಿಟ್ಟು ಆ ದಿನವೇ ತಲುಪಿಸಿ. ಬೆಚ್ಚಗಿದ್ದರೆ ದಾರಿಯಲ್ಲೇ ಬ್ಯಾಕ್ಟೀರಿಯಾ ಬೆಂಜೊಯೇಟ್ ತಿಂದು ರಿಪೋರ್ಟ್ ಚಂದ ಮಾಡಿಬಿಡುತ್ತವೆ.

## ಕಂಡ ಕೂಡಲೇ ನಿಲ್ಲಬೇಕಾದ ಲಕ್ಷಣಗಳು

ಶುರುವಿನ ವಾರಗಳಲ್ಲಿ ಬಿಳಿ ನೊರೆ ಸಹಜ. ಆರು ತಿಂಗಳ ನಂತರ ಒಮ್ಮೆಲೇ ಬಿಳಿ ನೊರೆ ಬಂದರೆ ಸ್ಲಡ್ಜ್ ಸಾಯುತ್ತಿದೆ ಅಥವಾ ಯಾರೋ ಸಾಬೂನು ಡಬ್ಬ ಸುರಿದಿದ್ದಾರೆ. ದಪ್ಪ ಕಂದು ನೊರೆ ಹೋಗದೆ ನಿಂತರೆ ಎಣ್ಣೆ ತೊಟ್ಟಿ ನೋಡಿ.

ಬ್ಲೋವರ್ ಹಾಗೇ ಇದೆ, ನೀರು ಅಷ್ಟೇ ಇದೆ, ಆದರೂ ಡಿಒ 4–5ಕ್ಕೆ ಏರಿತು. ಇದನ್ನು ಒಳ್ಳೆಯ ಸುದ್ದಿ ಎಂದುಕೊಳ್ಳುವವರೇ ಜಾಸ್ತಿ. ಬ್ಯಾಕ್ಟೀರಿಯಾ ತಿನ್ನುವುದನ್ನು ನಿಲ್ಲಿಸಿದಾಗಲೇ ಆಮ್ಲಜನಕ ಹಾಗೆ ಉಳಿಯುವುದು. ಘಟಕದ ನೀರು ತಕ್ಷಣ ನಿಲ್ಲಿಸಿ, ಪಿಎಚ್ ನೋಡಿ, ಬಾಟಲಿ ಪರೀಕ್ಷೆ ಮಾಡಿ.

ಹೊರಬರುವ ನೀರು ಕಲಕಾಗಿದ್ದರೆ ಮೆಂಬ್ರೇನ್ ಹರಿದಿದೆ ಅಥವಾ ಜೋಡಣೆ ಬಿಟ್ಟಿದೆ. ಅಮೋನಿಯಾ ಏರಿದರೆ ಪ್ರಿಸರ್ವೇಟಿವ್ ಏಟಿನ ಮೊದಲ ಸುಳಿವು ಅದೇ ಇರಬಹುದು. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಎಲ್ಲರಿಗಿಂತ ಸೂಕ್ಷ್ಮ. ಚಳಿಯಲ್ಲೂ ಅವೇ ಮೊದಲು ನಿಧಾನವಾಗುತ್ತವೆ. ಆದ್ದರಿಂದ ಡಿಸೆಂಬರ್, ಜನವರಿಯಲ್ಲಿ ಇದೊಂದನ್ನೇ ನೋಡಿ ತೀರ್ಮಾನಿಸಬೇಡಿ.

## ಮಳೆಗಾಲ ಮತ್ತು ಅತಿಥಿಗಳಿಲ್ಲದ ತಿಂಗಳು

ಮಾಡಿನ ನೀರು, ಅಂಗಳದ ನೀರು ಎಂಬಿಆರ್ ಪೈಪಿಗೆ ಸೇರದಂತೆ ಮೇ ತಿಂಗಳಲ್ಲೇ ಚೇಂಬರ್ ಮುಚ್ಚಳ ಪರೀಕ್ಷಿಸಿ. ಒಂದು ಜೋರು ಮಳೆ ಸಾಕು, ಸಮಗೊಳಿಸುವ ಟ್ಯಾಂಕ್ ಉಕ್ಕಿ ಸಂಸ್ಕರಿಸದ ನೀರು ತೋಡಿಗೆ ಹೋಗುತ್ತದೆ. ಆ ತೋಡು ಕೊನೆಗೆ ಸೇರುವುದು ಲಕ್ಷ್ಮಣತೀರ್ಥಕ್ಕೋ, ಹಾರಂಗಿಗೋ, ಕಾವೇರಿಗೋ.

ಮರ ಬಿದ್ದು ಲೈನ್ ಹೋದರೆ ಕರೆಂಟ್ ಎಷ್ಟು ಹೊತ್ತಿಗೆ ಬರುತ್ತದೋ ಹೇಳಲಾಗದು. ಜನರೇಟರ್ ಬ್ಲೋವರಿಗೆ ಮೊದಲು, ಗೀಸರಿಗೆ ಆಮೇಲೆ. ಡೀಸೆಲ್ ಕಡಿಮೆ ಇದ್ದರೆ ಗಂಟೆಗೆ ಹದಿನೈದು ನಿಮಿಷ ಗಾಳಿ ಬಿಟ್ಟು ಸ್ಲಡ್ಜ್ ಜೀವ ಉಳಿಸಿ. ಗಾಳಿ ಇಲ್ಲದ ಹೊತ್ತಿನಲ್ಲಿ ಮೆಂಬ್ರೇನಿನಿಂದ ನೀರು ಎಳೆಯಲೇಬಾರದು, ಸ್ಲಡ್ಜ್ ಅದರ ಮೈಗೆ ಮೆತ್ತಿಕೊಳ್ಳುತ್ತದೆ. ಘಟಕದ ನೀರನ್ನು ಡ್ರಮ್ಮಿನಲ್ಲೇ ಹಿಡಿದಿಡಿ.

ಅತಿಥಿಗಳು ಬಾರದ ವಾರಗಳಲ್ಲಿ ಗಾಳಿಯನ್ನು ಅರ್ಧ ಹೊತ್ತಿಗೆ ಇಳಿಸಿ, ಸ್ಲಡ್ಜ್ ತೆಗೆಯುವುದನ್ನು ನಿಲ್ಲಿಸಿ, ಮನೆಯವರ ನೀರನ್ನು ಬಿಡುತ್ತಿರಿ. ಇಟ್ಟ ಕೆಟ್ಟ ಸ್ಕ್ವಾಶ್ ಇದ್ದರೆ ದಿನಕ್ಕೆ ಅರ್ಧ ಲೀಟರ್ ಹಾಕಬಹುದು. ಅದರಲ್ಲಿ ಬೆಂಜೊಯೇಟ್ ಇದ್ದರೆ ಇನ್ನೂ ಒಳ್ಳೆಯದು, ಅದನ್ನು ತಿನ್ನುವ ಬ್ಯಾಕ್ಟೀರಿಯಾ ಉಪವಾಸದಲ್ಲಿ ಕಳೆದುಹೋಗುವುದಿಲ್ಲ. ಎರಡು ತಿಂಗಳಿಗಿಂತ ಜಾಸ್ತಿ ಪೂರ್ತಿ ಮುಚ್ಚುವುದಾದರೆ ಮೆಂಬ್ರೇನ್ ಹೊರತೆಗೆದು, ತೊಳೆದು, ತಯಾರಕರು ಹೇಳಿದ ದ್ರಾವಣದಲ್ಲಿ ಮುಳುಗಿಸಿಡಿ. ಮತ್ತೆ ಶುರು ಮಾಡುವ ದಿನ ಆ ದ್ರಾವಣವನ್ನು ಗಾಳಿ ಟ್ಯಾಂಕಿಗೆ ಚೆಲ್ಲಬೇಡಿ. ಬೈಸಲ್ಫೈಟ್ ಆಗಿದ್ದರೆ ಡ್ರಮ್ಮಿಗೆ ಹಾಕಿ ಹಂತ 2ರಂತೆ ಗಾಳಿ ಬಿಡಿ, ಪಟ್ಟಿ ಅದ್ದಿ ನೋಡಿ. ಘಟಕದ ನೀರನ್ನು ಮತ್ತೆ ಹತ್ತನೇ ಒಂದು ಭಾಗದಿಂದಲೇ ಏರಿಸುತ್ತಾ ಬನ್ನಿ.